ದೊಡ್ಡ ಕಂಪನಿಯ ಗೇಟು, ನನ್ನ ಮಗಳ ಕಾಂಟ್ರಾಕ್ಟು

ನಗಬಾರದ ಹೊತ್ತಿನಲ್ಲೇ ನಮ್ಮನೆಯಲ್ಲಿ ನಗು ಬರೋ ಸಂಗತಿ ನಡೆಯೋದು. ಸುಖವಾಗಿದ್ದ ಕಾಲದಲ್ಲಿ, ನಾಲ್ಕು ಜನರ ಮುಂದೆ ಹೇಳಿಕೊಳ್ಳೋ ಹಾಗೆ ಒಂದಾದರೂ ನಡೆಯಿತಾ ಅಂದರೆ, ಇಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೋ, ಶುರುವಾಯಿತು ನೋಡಿ.

ಹಾಸಿಗೆ ಹಿಡಿದವರು ನನ್ನ ಅಳಿಯಂದಿರು. ಒಂದು ಬೆಳಿಗ್ಗೆ ಆಫೀಸಿಗೆ ಹೊರಡೋಕೆ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ಗೋಡೆಗೆ ಒರಗಿ ಜಾರಿದರು. ಲಕ್ವ. ಬಲಗಡೆಯ ಕೈಕಾಲು ಹೋಯಿತು, ಮಾತೂ ಹೋಯಿತು. ನನ್ನ ಮಗಳೂ ಸಾಫ್ಟ್‌ವೇರ್ ಕೆಲಸದಲ್ಲಿದ್ದವಳೇ. ಅವರನ್ನ ಎತ್ತಬೇಕು, ಹೊರಳಿಸಬೇಕು, ತೊಳೆಯಬೇಕು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳಬೇಕು. ನನ್ನ ಸೊಂಟಕ್ಕೆ ಆಗೋ ಕೆಲಸವಲ್ಲ ಅದು. ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಅವಳು ಆಫೀಸಿನವರನ್ನ ಕೇಳಿಕೊಂಡಳು. ಅವರು ಒಪ್ಪಲಿಲ್ಲ. ಬಿಟ್ಟು ಬಂದಳು.

ಅವಳಿಗೆ ಗೊತ್ತಿರೋ ವಿದ್ಯೆ ಅಂದರೆ ಗೋಡೌನಿನದು. ದೊಡ್ಡ ದೊಡ್ಡ ಗೋಡೌನುಗಳಲ್ಲಿ ಯಾವ ಸಾಮಾನು ಯಾವ ಕಪಾಟಿನಲ್ಲಿ ಕೂತಿದೆ, ಯಾವಾಗ ಹೊರಗೆ ಹೋಗುತ್ತೆ ಅಂತ ಕಂಪ್ಯೂಟರಿನಲ್ಲಿ ತೋರಿಸೋ ಹಾಗೆ ಮಾಡೋದು. ಇದನ್ನ ಮನೆಯಲ್ಲೇ ಕೂತು, ಸ್ವಂತಕ್ಕೆ, ಕಾಂಟ್ರಾಕ್ಟಿನ ಮೇಲೆ ಮಾಡ್ತೀನಿ ಅಂತ ಹೊರಟಳು. ಚಿಲ್ಲರೆ ಅಂಗಡಿಯವರಿಂದ ಹೊಟ್ಟೆ ತುಂಬೋದಿಲ್ಲ. ದೊಡ್ಡ ಕಂಪನಿಯೇ ಬೇಕು. ದೊಡ್ಡ ಕಂಪನಿಯಲ್ಲೋ, ಗುರುತಿನವರು ಅಂತ ಒಂದು ನರಪಿಳ್ಳೆ ಇಲ್ಲ.

ಅಷ್ಟರಲ್ಲಿ ಅಳಿಯಂದಿರ ಅಣ್ಣ ಮೈಸೂರಿನಿಂದ ಫೋನ್ ಮಾಡಿದರು. "ನಿಮ್ಮೂರಲ್ಲೇ, ತಾಂಬರಂ ಆಚೆ ಒಂದು ಹೋಂ ಇದೆಯಂತೆ. ಇಂಥವರನ್ನ ಅಲ್ಲೇ ಇಟ್ಕೊಂಡು ನೋಡ್ಕೋತಾರೆ. ಒಂದು ಹಾಸಿಗೆ ಹೇಳಿಟ್ಟಿದೀನಮ್ಮ. ಸಂಕ್ರಾಂತಿ ಒಳಗೆ ನಿನಗೇನಾದರೂ ದೊಡ್ಡ ಕೆಲಸ ಸಿಕ್ಕಿದರೆ ಸರಿ. ಇಲ್ಲಾಂದ್ರೆ ಅವನನ್ನ ಅಲ್ಲಿ ಸೇರಿಸಿ ನೀನು ಯಾವುದಾದರೂ ಆಫೀಸಿಗೆ ಹೋಗು." ಕೆಟ್ಟ ಮನುಷ್ಯರಲ್ಲ ಅವರು, ಲೆಕ್ಕದ ಮನುಷ್ಯರು. ಆದರೆ ಮಗಳ ಕೈಯಲ್ಲಿ ಪಾತ್ರೆ ಇತ್ತು, ಫೋನು ಸ್ಪೀಕರಿನಲ್ಲಿತ್ತು. ಅಳಿಯಂದಿರಿಗೆ ಏನು ಹೋಗಿದ್ದರೂ ಕಿವಿ ಮಾತ್ರ ಚೆನ್ನಾಗಿತ್ತು. ಅವತ್ತು ಅವರು ಗಂಜಿಗೆ ಬಾಯಿ ತೆರೆಯಲಿಲ್ಲ.

ಇದಿಷ್ಟು ತಿಳಿದಿರಲಿ. ಇನ್ನು ನಗೋದಕ್ಕೆ ಅಡ್ಡಿಯಿಲ್ಲ.

1. ಯಾರನ್ನ ನೋಡಬೇಕು?

ಮೊದಮೊದಲು ಮಗಳು ಬೆಳಿಗ್ಗೆ ಎದ್ದು ಮೇಲ್ ಕಳಿಸೋದು, ಸಂಜೆ ತನಕ ಉತ್ತರ ಕಾಯೋದು. ಇದೇ ಆಯಿತು. ನಾನು ಸುಮ್ಮನಿರಬಾರದಾ? "ಮನೇಲಿ ಕೂತು ಬರೆದರೆ ಯಾರೇ ಓದ್ತಾರೆ? ಹೋಗಿ ಮುಖ ತೋರಿಸು. ನಾನೂ ಬರ್ತೀನಿ ನಡಿ" ಅಂದೆ. ಎದುರು ಮನೆಯಾಕೆಯನ್ನ ಅಳಿಯಂದಿರ ಹತ್ತಿರ ಕೂರಿಸಿ, ಆಟೋ ಹತ್ತಿ ಪೆರುಂಗುಡಿಗೆ ಹೋದೆವು. ಆಕಾಶದ ತನಕ ಗಾಜು. ಗೇಟಿನಲ್ಲಿ ನೀಲಿ ಷರಟಿನ ಸೆಕ್ಯೂರಿಟಿಯವನು, ಅವನ ಪಕ್ಕ ಪಾಸು ಕೊಡೋ ಒಂದು ಮಿಷನ್ನು.

"ಯಾರೈ ಪಾಕ್ಕಣುಂ?" ಅಂದ. ಯಾರನ್ನ ನೋಡಬೇಕು ಅಂತ.

"ಸಾಫ್ಟ್‌ವೇರ್ ಕೆಲಸ ಕೊಡೋರನ್ನ" ಅಂದೆ. ನನಗೆ ತಮಿಳು ಚೆನ್ನಾಗೇ ಬರುತ್ತೆ. ಮಂಡ್ಯ ಕಡೆಯಿಂದ ಮದುವೆಯಾಗಿ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದವಳು, ಕನ್ನಡದ ಅಕ್ಷರ ಯಜಮಾನರಿಂದ ಕಲಿತೆ, ತಮಿಳು ನಲ್ಲಿಯ ಮುಂದೆ ಕಲಿತೆ.

"ಹೆಸರು ಹೇಳಿಮ್ಮಾ. ಒಳಗಿರೋರ ಹೆಸರು ಒತ್ತದೇ ಇದು ಪಾಸು ಕೊಡಲ್ಲ."

"ಹೆಸರು ಗೊತ್ತಿದ್ದರೆ ಮನೆಯಿಂದಲೇ ಫೋನ್ ಮಾಡ್ತಿದ್ವಲ್ಲಪ್ಪಾ. ಹೆಸರು ತಿಳ್ಕೊಳ್ಳೋಕೇ ಒಳಗೆ ಹೋಗಬೇಕು."

"ಒಳಗೆ ಹೋಗೋಕೆ ಹೆಸರು ಬೇಕು."

ಬಿಸಿಲು ನೆತ್ತಿಗೆ ಬಂತು. ಮಗಳು "ಬಾ ಅಮ್ಮ, ಹೋಗೋಣ" ಅಂತ ಸೆರಗು ಎಳೆದಳು. ನಾನು ಬಿಡಲಿಲ್ಲ. "ನೀನೂ ಈ ಕಂಪನಿಯವನೇ ತಾನೆ? ನಿನ್ನ ಹೆಸರೇ ಒತ್ತು" ಅಂದೆ.

ಅವನು ನನ್ನನ್ನೇ ನೋಡಿದ. ಪಾಪ, ಅಲ್ಲಿ ಕೂತಾಗಿನಿಂದ ಅವನನ್ನ ನೋಡೋಕೆ ಅಂತ ಒಬ್ಬರೂ ಬಂದಿರಲಿಲ್ಲ ಅನ್ನಿಸುತ್ತೆ. ಆಚೀಚೆ ನೋಡಿ ಒತ್ತೇಬಿಟ್ಟ. ಮಿಷನ್ನು ಗರಗರ ಅಂತು, ಎರಡು ಪಾಸು ಹೊರಗೆ ಬಂತು. ಕೊರಳಿಗೆ ಹಾಕಿಕೊಂಡೆವು. ನಾವು ನೋಡಬೇಕಾದವನು ಅವನು, ಅವನು ಇರೋದು ಗೇಟಿನಲ್ಲಿ. ಹಾಗಾಗಿ ಗೇಟಿನ ಹೊರಗಿಂದ ಗೇಟಿನ ಪಕ್ಕದ ಬೆಂಚಿನ ತನಕ ಹೋದೆವು. ಟೀ ತರಿಸಿಕೊಟ್ಟ. ಮಕ್ಕಳೆಷ್ಟು, ಮನೆ ಎಲ್ಲಿ ಅಂತ ಮಾತಾಡಿದೆವು. ಹೊರಡುವಾಗ ಮಗಳು ತನ್ನ ಹೆಸರಿನ ಕಾರ್ಡು ಕೊಟ್ಟಳು. ಅವನು ಎರಡೂ ಕೈಯಲ್ಲಿ ತಗೊಂಡು ಜೇಬಿನಲ್ಲಿಟ್ಟುಕೊಂಡ. ದೊಡ್ಡ ಕಂಪನಿಯೊಂದರಲ್ಲಿ ನನ್ನ ಮಗಳ ಕಾರ್ಡು ಮೊದಲು ಇಸಕೊಂಡ ಅಧಿಕಾರಿ ಅವನೇ.

2. ಮರ್ಯಾದೆಯ ಫೋನು

ಕೊನೆಗೂ ಒಂದು ದಿನ ದೊಡ್ಡ ಕಂಪನಿಯಿಂದ ಫೋನು ಬಂತು. "ಮೇಡಂ, ನಿಮ್ಮ ಮೇಲ್ ನೋಡಿದ್ವಿ. ನಿಮ್ಮ ಬಿಸಿನೆಸ್ ಬಗ್ಗೆ ಸ್ವಲ್ಪ ಹೇಳ್ತೀರಾ?" ಮಗಳು ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡು ಕೂತಳು. ಬೆನ್ನು ನೆಟ್ಟಗಾಯಿತು. ನಾನು ದೇವರ ಮುಂದೆ ಇನ್ನೊಂದು ಬತ್ತಿ ಹಾಕಿದೆ.

ಆ ಹುಡುಗ ಎಷ್ಟು ಚೆನ್ನಾಗಿ ಕೇಳ್ತಾನೆ ಅಂತೀರಿ! ನಿಮ್ಮ ಕಷ್ಟ ಏನು ಮೇಡಂ, ಕೆಲಸದಲ್ಲಿ ಏನು ತೊಂದರೆ ಮೇಡಂ, ಒಬ್ಬರೇ ಹೇಗೆ ನಿಭಾಯಿಸ್ತೀರಿ ಮೇಡಂ. ಇವಳು ಹೇಳ್ತಾ ಹೋದಳು. ಲಕ್ವ ಆದಾಗಿನಿಂದ ಅವಳನ್ನ ಅಷ್ಟು ಹೊತ್ತು ವಿಚಾರಿಸಿಕೊಂಡವರು ನಮ್ಮ ಬಳಗದಲ್ಲೇ ಇರಲಿಲ್ಲ.

ಕೊನೆಯಲ್ಲಿ ತಿಳಿಯಿತು, ಅವನು ಕೆಲಸ ಕೊಡೋಕೆ ಫೋನ್ ಮಾಡಿರಲಿಲ್ಲ. ಅವರ ಕಂಪನಿಯ ಸಾಫ್ಟ್‌ವೇರನ್ನ ಇವಳಿಗೆ ಮಾರೋಕೆ ಮಾಡಿದ್ದ. ಇವಳು ಕಳಿಸಿದ ಮೇಲ್ ಹೇಗೋ ಕೊಳ್ಳೋರ ಸಾಲಿಗೆ ಹೋಗಿ ಸೇರಿಕೊಂಡಿತ್ತು.

"ಥೂ, ಇಟ್ಟುಬಿಡೇ ಫೋನು" ಅಂದೆ.

ಇವಳು ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು, "ಇರಮ್ಮ. ನಾಳೆನೂ ಮಾಡ್ತೀನಿ ಅಂತಿದಾನೆ. ಮಾಡಲಿ ಬಿಡು" ಅಂದಳು.

3. ಕುರ್ಚಿಯ ಯಾತ್ರೆ

ಅಳಿಯಂದಿರನ್ನ ಬಚ್ಚಲಿಗೆ ಹೊತ್ತೊಯ್ಯೋದು ಕಷ್ಟ ಅಂತ ಮಗಳು ನಡುವೆ ತೂತಿರೋ ಕುರ್ಚಿ ಒಂದನ್ನ ತರಿಸೋಕೆ ಹೇಳಿದ್ದಳು. ಮಂಚ, ಬೀರು, ಸೋಫಾ, ಆಸ್ಪತ್ರೆ ಸಾಮಾನು ಎಲ್ಲ ಮಾರೋ ಒಂದು ದೊಡ್ಡ ಕಂಪನಿಯಿಂದ. ಫೋನಿನಲ್ಲಿ ನೋಡಿದರೆ ಕುರ್ಚಿ ಒಂದು ದಿನ ಒರಗಡಂ ಗೋಡೌನಿನಲ್ಲಿ. ಮಾರನೇ ದಿನ ಮದುರೈಯಲ್ಲಿ. ಆಮೇಲೆ ಮತ್ತೆ ಒರಗಡಂ. ಆಮೇಲೆ ಸೇಲಂ. ನಾನು ಜನ್ಮದಲ್ಲಿ ನೋಡದ ಊರೆಲ್ಲ ಆ ಕುರ್ಚಿ ನೋಡಿತು.

ಮಗಳು ದೂರು ಕೊಟ್ಟಳು. "ಕ್ಷಮಿಸಿ" ಅಂತ ಉತ್ತರ. ಇನ್ನೊಂದು ದೂರು. ಇನ್ನೊಂದು ಕ್ಷಮಿಸಿ. ಹೀಗೇ ನಡೀತಿರುವಾಗ ಒಂದು ಮಧ್ಯಾಹ್ನ ಅವಳು ತಟ್ಟೆ ಮುಂದೆ ಕೂತವಳು ಅನ್ನ ಕಲಸೋದು ನಿಲ್ಲಿಸಿಬಿಟ್ಟಳು. "ಅಮ್ಮ, ಕುರ್ಚಿ ಎಲ್ಲೂ ಹೋಗ್ತಿಲ್ಲ. ಒಂದೇ ಕುರ್ಚೀನ ಮೂರು ಗೋಡೌನಿನವರೂ ನಮ್ಮದು ಅಂತ ತೋರಿಸ್ತಿದಾರೆ. ಅವರ ಸಾಫ್ಟ್‌ವೇರಿನಲ್ಲೇ ತಪ್ಪಿದೆ" ಅಂದಳು. ಊಟ ಬಿಟ್ಟು ಎದ್ದು ಬರೆದಳು. ಈ ಸಲ ದೂರಲ್ಲ. ತಪ್ಪು ಎಲ್ಲಿರಬಹುದು, ಅದನ್ನ ಹೇಗೆ ಸರಿ ಮಾಡಬಹುದು ಅಂತ. ಅದನ್ನ ಆ ಕಂಪನಿಯಲ್ಲಿ ಗೋಡೌನು ನೋಡಿಕೊಳ್ಳೋ ಮ್ಯಾನೇಜರಿಗೇ ಕಳಿಸಿದಳು. ಅವರ ಹೆಸರು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದಳಂತೆ.

ಅವತ್ತು ಸಂಜೆಯೇ ಆ ಮ್ಯಾನೇಜರು ಸ್ವತಃ ಫೋನ್ ಮಾಡಿದರು. ಇಬ್ಬರೂ ಒಂದು ಸೀರಿಯಲ್ ಮುಗಿಯೋ ತನಕ ಮಾತಾಡಿದರು. ಫೋನು ಇಟ್ಟ ಮೇಲೆ ಮಗಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಕಾಣಿಸಿತು. "ಅಮ್ಮ, ಅವರ ಎಲ್ಲ ಗೋಡೌನಲ್ಲೂ ಇದೇ ತೊಂದರೆಯಂತೆ. ಹೊರಗಿನವರಿಗೆ ಕಾಂಟ್ರಾಕ್ಟು ಕೊಟ್ಟು ಸರಿ ಮಾಡಿಸಬೇಕು ಅಂತಿದಾರಂತೆ. ನನ್ನನ್ನೂ ಕರೀತಾರಂತೆ!"

"ಸಂತೋಷ ಕಣಮ್ಮ. ನಮ್ಮ ಕುರ್ಚಿ ಯಾವಾಗ ಬರುತ್ತಂತೆ?"

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಮ್ಮ, ಕೇಳೋದೇ ಮರೆತೆ."

4. ನಮ್ಮನೆ ಸಾಹೇಬರು

ಅಳಿಯಂದಿರ ಮಾತೆಲ್ಲ ಹೋಯಿತು ಅಂದೆನಲ್ಲ, ಒಂದು ಮಾತ್ರ ಉಳಿದಿತ್ತು. ಅಮ್ಮ ಅನ್ನೋದಲ್ಲ, ದೇವರ ಹೆಸರಲ್ಲ, ಹೆಂಡತಿ ಹೆಸರೂ ಅಲ್ಲ. "ಓಕೆ." ಜೀವಮಾನವೆಲ್ಲ ಮೀಟಿಂಗಿನಲ್ಲಿ ಕೂತವರು, ನಾಲಿಗೆಗೆ ಅದೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಹಸಿವಾದರೂ ಓಕೆ, ನೋವಾದರೂ ಓಕೆ, ಬಟ್ಟೆ ಒದ್ದೆಯಾದರೂ ಓಕೆ. ಯಾವ ಓಕೆ ಯಾವುದಕ್ಕೆ ಅಂತ ಮಗಳಿಗೆ ಗೊತ್ತಾಗ್ತಿತ್ತು.

ಮ್ಯಾನೇಜರ ಜೊತೆ ಮಾತು ನಡೆದಾಗ ನಮಗಿದ್ದದ್ದೊಂದೇ ನಡುಮನೆ, ಮಂಚ ಅಲ್ಲೇ, ಕಂಪ್ಯೂಟರೂ ಅಲ್ಲೇ. ಆ ಕಡೆಯಿಂದ ಅವರು ಕೇಳ್ತಾರೆ, "ಮೇಡಂ, ನೀವು ಕೇಳೋ ಟೈಮಿನಲ್ಲಿ ಅರ್ಧದಷ್ಟರಲ್ಲೇ ಮುಗಿಸೋಕೆ ಆಗುತ್ತಾ?"

ಮಗಳು ಬಾಯಿ ತೆರೆಯೋದರೊಳಗೆ ಹಿಂದಿನಿಂದ ಗಂಡಸಿನ ದನಿ, ಗಟ್ಟಿಯಾಗಿ, "ಓಕೆ!"

"ಯಾರದು ಮೇಡಂ? ನಿಮ್ಮ ಸಾಹೇಬರಾ?"

"ಅಲ್ಲ ಸಾರ್, ಅದು..."

"ಪರವಾಗಿಲ್ಲ ಮೇಡಂ, ಸಾಹೇಬರೇ ಒಪ್ಪಿದರಲ್ಲ. ಹಾಗಾದರೆ ಮೊದಲ ತಿಂಗಳ ಕೆಲಸ ತೋರಿಸೋಕೆ ಅಂತ ದುಡ್ಡಿಲ್ಲದೆ ಮಾಡಿಕೊಡ್ತೀರಾ?"

"ಓಕೆ!"

ಮಗಳು ಮೈಕು ಮುಚ್ಚಿ ತಿರುಗಿದಳು. ಬೈಯೋಕೇ ತಿರುಗಿದ್ದಳು. ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಎಡಗೈಯಿಂದ ತಮ್ಮ ಪಂಚೆ ತೋರಿಸ್ತಾ ಇದ್ದರು. ಒದ್ದೆ ಮಾಡಿಕೊಂಡಿದ್ದರು, ಅಷ್ಟೆ. ಅವಳು ಬೈಯಲಿಲ್ಲ.

ಆಮೇಲಿಂದ ಆ ಮ್ಯಾನೇಜರು ಯಾವ ಬಿಕ್ಕಟ್ಟಿನ ಮಾತು ಬಂದರೂ, "ಮೇಡಂ, ನಿಮ್ಮಿಂದ ಆಗಲ್ಲ ಅಂದರೆ ಬಿಡಿ, ಸಾಹೇಬರನ್ನೇ ಒಂದು ಮಾತು ಕೇಳಿ. ಅವರು ತುಂಬ ಪ್ರಾಕ್ಟಿಕಲ್ ಮನುಷ್ಯರು" ಅನ್ನೋರು.

5. ಪಾಲುದಾರಳು

ಒಬ್ಬಂಟಿ ಮನುಷ್ಯರಿಗೆ ಆ ಮ್ಯಾನೇಜರ ಕಂಪನಿ ಕೆಲಸ ಕೊಡೋ ಹಾಗಿಲ್ಲವಂತೆ. ಎದುರಿಗೂ ಒಂದು ಕಂಪನಿಯೇ ಇರಬೇಕಂತೆ. ಕಂಪನಿ ಅಂದರೆ ಪಾಲುದಾರರು ಬೇಕು. ಮಗಳು ನನ್ನ ಮುಖ ನೋಡಿದಳು. ನಾನು ಹುರುಳಿಕಾಯಿ ನಾರು ಬಿಡಿಸ್ತಾ ಇದ್ದೆ.

"ಅಮ್ಮ, ನೀನು ಪಾಲುದಾರಳಾಗ್ತೀಯಾ?"

"ಲಾಭದಲ್ಲಾ, ನಷ್ಟದಲ್ಲಾ?"

"ಸದ್ಯಕ್ಕೆ ಹುರುಳಿಕಾಯಲ್ಲಿ."

ಸರಿ, ಆದೆ. ಕಂಪನಿ ಅಂತ ಸರಕಾರದಲ್ಲಿ ಬರೆಸೋಕೆ ಒಂದು ವಿಡಿಯೋ ಪರೀಕ್ಷೆ. ಫೋನಿನಲ್ಲಿ ಯಾವನೋ ಹುಡುಗ ಬಂದ. ಮುಖ ಹತ್ತಿರ ತನ್ನಿ, ದೂರ ಹೋಗಿ, ಕಣ್ಣು ಮಿಟುಕಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ನಾನು ಜೀವಂತ ಇದೀನಾ ಅಂತ ನೋಡೋದಂತೆ. ಈ ವಯಸ್ಸಿನಲ್ಲಿ ಅದನ್ನ ಆಗಾಗ ನೋಡಿಕೊಳ್ಳೋದು ಒಳ್ಳೇದೇ. ಹೆಸರು ಕೇಳಿದ, ಹೇಳಿದೆ. ಗಂಡನ ಹೆಸರು ಕೇಳಿದ. ಯಜಮಾನರ ಹೆಸರನ್ನ ನಾನು ಇವತ್ತಿನ ತನಕ ಬಾಯಿಬಿಟ್ಟು ಹೇಳಿದವಳಲ್ಲ, ಫೋಟೋ ತೋರಿಸಿದೆ. ಅದಕ್ಕೆ ಮಾಲೆ ಹಾಕಿತ್ತು. ಹುಡುಗ ಮುಂದೆ ಕೇಳಲಿಲ್ಲ.

"ಸರಿ ಪಾಟಿ," ಅಂದ, ಪಾಟಿ ಅಂದರೆ ಅಜ್ಜಿ. "ಕೊನೇ ಪ್ರಶ್ನೆ. ನೀವು ಪಾಲುದಾರರು ತಾನೆ? ನಿಮ್ಮ ಕಂಪನಿ ಏನು ಮಾಡುತ್ತೆ?"

ಮಗಳು ಫೋನಿನ ಹಿಂದೆ ನಿಂತು ಬಾಯಿ ಆಡಿಸಿ ಏನೋ ಹೇಳಿಕೊಡ್ತಾ ಇದ್ದಾಳೆ. ನನಗೆ ತಿಳಿಯಲಿಲ್ಲ. ಸುಳ್ಳು ಹೇಳೋಕೂ ಭಯ, ಸರಕಾರದ ಕೆಲಸ ಅಂತ. ನಾನು ಆ ಮನೆಯಲ್ಲಿ ಆಷಾಢದಿಂದ ಕಣ್ಣಾರೆ ಕಂಡಿದ್ದನ್ನೇ ಹೇಳಿದೆ.

"ಕಾಯುತ್ತಪ್ಪ."

6. ಮೇಲಿನ ಕಪಾಟು

ಕಾರ್ತಿಕ ಮಾಸ ಬಂತು, ನಾವಿರೋ ವೇಲಚೇರಿಗೆ ನೀರು ಬಂತು. ನಮ್ಮದು ಕೆಳಗಿನ ಮನೆ. ರಾತ್ರಿ ಹೊಸಿಲಲ್ಲಿದ್ದ ನೀರು ಬೆಳಿಗ್ಗೆ ಹೊತ್ತಿಗೆ ಅಡುಗೆಮನೆಗೆ ಬಂದು ಕೂತಿತ್ತು. ಅಳಿಯಂದಿರ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ಮೇಲಿನ ಮನೆಯವರು ಅವರನ್ನ ಎತ್ತೋಕೆ ಜನ ಕರೆದುಕೊಂಡು ಬರ್ತೀವಿ ಅಂತ ಹೋಗಿದ್ದರು. ಅಲ್ಲೀ ತನಕ ಅವರು ಮಂಚದ ಮೇಲೆ. ಅವರ ಕಾಲ ಹತ್ತಿರ ನಾನು ಚಕ್ಕಂಬಕ್ಕಳ ಹಾಕಿಕೊಂಡು. ನನ್ನ ತೊಡೆಯ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ದೇವರು, ದೇವರ ಪಕ್ಕ ಗ್ಯಾಸಿನ ಬುಕ್ಕು.

ಅವತ್ತೇ ಮಗಳು ತಾನು ಮಾಡಿದ್ದನ್ನ ಆ ಮ್ಯಾನೇಜರಿಗೂ ಅವರ ಮೇಲಿನವರಿಗೂ ವಿಡಿಯೋದಲ್ಲಿ ತೋರಿಸಬೇಕಾದ ದಿನ. ಮುಂದಕ್ಕೆ ಹಾಕಿ ಅಂತ ಕೇಳು ಅಂದೆ. "ಕೇಳಿದರೆ ಇನ್ನೊಬ್ಬರಿಗೆ ಕೊಡ್ತಾರಮ್ಮ" ಅಂದಳು. ಒಳ್ಳೇ ಕುರ್ತಾ ತೊಟ್ಟಳು, ತಲೆ ಬಾಚಿದಳು, ಬೊಟ್ಟಿಟ್ಟಳು. ಸೊಂಟದಿಂದ ಮೇಲೆ ಆಫೀಸು. ಕೆಳಗೆ ಮೊಣಕಾಲಿನ ತನಕ ಕೆಸರು ನೀರು, ಅದರಲ್ಲಿ ಯಾರದ್ದೋ ಚಪ್ಪಲಿ ತೇಲ್ತಾ ಬಂದು ಇವಳ ಕಾಲಿಗೆ ಬಡಿದು ಬಡಿದು ಹೋಗ್ತಿತ್ತು.

ಅವಳು ಮಾತಾಡಿದಳು. ನಡುಗಲಿಲ್ಲ. ಯಾವ ಸಾಮಾನು ಎಲ್ಲಿ ಇಡಬೇಕು, ಮಳೆಗಾಲದಲ್ಲಿ ಒದ್ದೆಯಾದರೆ ಕೆಡೋದನ್ನ ಹೇಗೆ ಮೊದಲೇ ಮೇಲಿನ ಕಪಾಟಿಗೆ ಹಾಕಬೇಕು, ಎಲ್ಲ ಹೇಳಿದಳು. ಅಷ್ಟರಲ್ಲಿ ನೀರಿಗೆ ಮೇಜು ಅಲ್ಲಾಡಿತೋ ಏನೋ, ಕಂಪ್ಯೂಟರು ಓರೆಯಾಯಿತು. ಆ ಕಡೆಯವರಿಗೆ ಮಂಚ ಕಂಡಿತು, ಮಂಚದ ಮೇಲಿನ ಮನುಷ್ಯರು ಕಂಡರು, ಡಬ್ಬ ಹಿಡಿದ ನಾನೂ ಕಂಡೆ.

ಆಮೇಲೆ ಮ್ಯಾನೇಜರ ಮೇಲಿನವರು ಕೇಳಿದರು, "ಮೇಡಂ, ಅದೇನು ಹಿಂದೆ?"

ಮಗಳು ಕಂಪ್ಯೂಟರನ್ನ ನೆಟ್ಟಗೆ ಮಾಡಲಿಲ್ಲ. ಹಾಗೇ ಬಿಟ್ಟು ಹೇಳಿದಳು, "ನಾನು ಹೇಳಿದೆನಲ್ಲ ಸಾರ್, ಮೇಲಿನ ಕಪಾಟು. ಒದ್ದೆಯಾಗಬಾರದ್ದನ್ನೆಲ್ಲ ಮೊದಲೇ ಅಲ್ಲಿಗೆ ಹಾಕಿದೀನಿ."

7. ನೋಡೋಕೆ ಬಂದರು

ಮಳೆ ನಿಂತು ಗೋಡೆಯ ಒದ್ದೆ ಇನ್ನೂ ಆರಿರಲಿಲ್ಲ. ಕಾಂಟ್ರಾಕ್ಟು ಕೊಡೋ ಮೊದಲು ನಿಮ್ಮ ಆಫೀಸನ್ನ ಕಣ್ಣಲ್ಲಿ ನೋಡಬೇಕು, ಬರ್ತೀವಿ ಅಂತ ಮ್ಯಾನೇಜರಿಂದ ಮೇಲ್ ಬಂತು. ಮಾರ್ಗಶಿರ ಮುಗೀತಾ ಬಂದಿತ್ತು. ಸಂಕ್ರಾಂತಿ ಕಣ್ಣೆದುರಿಗೇ ಇತ್ತು. ಮೈಸೂರಿನಿಂದ ಆಗಲೇ, "ಹೋಂನವರು ಕೇಳ್ತಿದಾರಮ್ಮ, ಏನು ಹೇಳಲಿ?" ಅಂತ ಫೋನು. ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬರೋಳು. ನಲ್ಲಿಯ ಶಬ್ದ ಅಳುವನ್ನ ಮುಚ್ಚುತ್ತೆ ಅಂತ ಅವಳಿಗೆ. ನೀರಿನ ಮೋಟಾರು ಓಡಿಸೋಳು ನಾನು, ನನಗೆ ಗೊತ್ತಾಗಲ್ವಾ?

ಗುರುತು ಪರಿಚಯ ಇಲ್ಲದ ದೊಡ್ಡ ಮನೆಯವರು ನಮ್ಮನೆಗೆ ಬಂದು ನೋಡಿ ಒಪ್ಪಿಕೊಂಡು ಹೋಗೋದು ಅಂದರೆ ನನಗೆ ಗೊತ್ತಿರೋದು ಒಂದೇ. ಅದನ್ನೇ ಮಾಡಿದೆ. ಬಾಗಿಲಿಗೆ ರಂಗೋಲಿ. ಕೇಸರಿಬಾತು, ಉಪ್ಪಿಟ್ಟು. ಅಳಿಯಂದಿರಿಗೆ ಗಡ್ಡ ಹೆರೆಸಿ ಇಸ್ತ್ರಿ ಷರಟು ಹಾಕಿಸಿದೆ. ಮಗಳಿಗೆ "ರೇಷ್ಮೆ ಸೀರೆ ಉಡು" ಅಂದೆ. "ಅಮ್ಮ, ಅವರು ಕಂಪ್ಯೂಟರ್ ನೋಡೋಕೆ ಬರೋದು" ಅಂದಳು. "ಹಾಗಾದರೆ ಅದಕ್ಕೂ ಒಂದು ಹೂವು ಇಡು" ಅಂದೆ.

ಮ್ಯಾನೇಜರು ಬಂದರು. ಒಳ್ಳೇ ಎತ್ತರ, ಕೊರಳಲ್ಲಿ ಕಾರ್ಡು, ಬೂಟು ಬಿಚ್ಚಿಟ್ಟು ಬಂದರು. ಜೊತೆಗೆ ಕನ್ನಡಕದ ಒಬ್ಬ ಆಡಿಟರು, ಚಿಕ್ಕ ವಯಸ್ಸು. ಫೋನಿನಲ್ಲಿ ಓಕೆ ಅನ್ನೋ ಸಾಹೇಬರು ಯಾರು ಅಂತ ಮ್ಯಾನೇಜರಿಗೆ ಆಗ ತಿಳಿಯಿತು. ಮಂಚದ ಹತ್ತಿರ ನಿಂತು ಕೈ ಮುಗಿದರು. ಮುಖ ಸ್ವಲ್ಪ ಬಿಳಿಚಿಕೊಂಡಿತು.

ಆಡಿಟರು ಶುರು ಮಾಡಿದರು. "ಬೆಂಕಿ ಬಿದ್ದರೆ ಏನು ಏರ್ಪಾಡು ಮಾಡಿದೀರಿ?"

ನಾನು ಹೇಳಿದೆ, "ಈ ಮನೆಗೆ ನೀರು ಬರೋದಪ್ಪ. ಬೆಂಕಿ ಇನ್ನೂ ಬಂದಿಲ್ಲ."

"ಮೇಡಂಗೆ ಹುಷಾರು ತಪ್ಪಿದರೆ ಕೆಲಸ ಯಾರು ನೋಡ್ಕೋತಾರೆ?"

"ಹೋದ ತಿಂಗಳು ಜ್ವರ ಬಂದಿತ್ತು. ಪುರುಸೊತ್ತಿಲ್ಲ ಅಂತ ಇವಳೇ ವಾಪಸು ಕಳಿಸಿದಳು."

ಅವರು ಬರೆದುಕೊಳ್ಳೋದು ಬಿಟ್ಟು ಕೇಸರಿಬಾತು ತಿಂದರು. ಎಲ್ಲ ಮುಗೀತು. ಎದ್ದರು. ಹೊಸಿಲ ಹತ್ತಿರ ಬೂಟು ಹಾಕಿಕೊಳ್ತಾ ಮ್ಯಾನೇಜರು, "ಸರಿ ಮೇಡಂ, ಹೋಗಿ ತಿಳಿಸ್ತೀವಿ" ಅಂದರು.

ಹೋಗಿ ತಿಳಿಸ್ತೀವಿ! ನನ್ನ ಇಬ್ಬರು ನಾದಿನಿಯರನ್ನ ನೋಡೋಕೆ ಬಂದವರೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದು ಇದೇ ಮಾತು ಹೇಳಿ ಹೋದವರು. ಒಬ್ಬರೂ ತಿಳಿಸಲಿಲ್ಲ. ನನಗೇನಾಯಿತೋ, ಬಾಗಿಲಿಗೆ ಅಡ್ಡ ಹೋಗಿ ನಿಂತೆ. ಎರಡೂ ಕೈ ಚೌಕಟ್ಟಿಗೆ ಕೊಟ್ಟೆ.

"ಇಲ್ಲೇ ಹೇಳಿ ಹೋಗಿ. ಪೊಣ್ಣು ಪಿಡಿಚ್ಚಿರುಕ್ಕಾ ಇಲ್ಲೈಯಾ?"

ಹುಡುಗಿ ಹಿಡಿಸಿದಳಾ ಇಲ್ಲವಾ ಅಂತ ಕೇಳೇಬಿಟ್ಟೆ, ರೂಢಿಯ ಬಾಯಿ. ಮಗಳು "ಅಮ್ಮಾ!" ಅಂತ ಕಿರುಚಿದಳು. ಆಡಿಟರು ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು, ಬೆವೆತು, "ಪಾಟಿ, ನನಗೆ ಮದುವೆ ಆಗಿದೆ" ಅಂದರು.

ಒಳಗೆ ಮಂಚದ ಮೇಲಿಂದ ನಮ್ಮ ಸಾಹೇಬರು, ಎಲ್ಲರ ಪರವಾಗಿ, "ಓಕೆ!"

8. ಕಾಂಟ್ರಾಕ್ಟು

ಎಳ್ಳು ಹುರಿದು ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ, ಮಗಳು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಬಂತಮ್ಮ" ಅಂದಳು. ನಗಲಿಲ್ಲ, ಅಳಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ನನ್ನ ಎಳ್ಳಿನ ತಟ್ಟೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಮೈಸೂರಿಗೆ ಫೋನ್ ಮಾಡಿದಳು. ಈ ಸಲ ಬೇಕು ಅಂತಲೇ ಸ್ಪೀಕರಿಗೆ ಹಾಕಿದಳು.

"ಭಾವ, ಆ ಹಾಸಿಗೆ ಬೇರೆಯವರಿಗೆ ಕೊಡೋಕೆ ಹೇಳಿಬಿಡಿ."

"ಸಿಕ್ಕಿತಾ? ಒಳ್ಳೇದಾಯ್ತಮ್ಮ. ಎಷ್ಟು ದಿನದ್ದು?"

"ಒಂದು ವರ್ಷದ್ದು."

"ಆಮೇಲೆ?"

"ಆಮೇಲಿಂದು ಆಮೇಲೆ, ಭಾವ."

ಅವತ್ತು ಅಳಿಯಂದಿರು ಗಂಜಿ ಎರಡು ಲೋಟ ಕುಡಿದರು. ನಾನು ಆ ಮ್ಯಾನೇಜರಿಗೆ ಮನಸ್ಸಿನಲ್ಲೇ ನೂರು ಸಲ ಕೈ ಮುಗಿದೆ. ಬಾಗಿಲಿಗೆ ಅಡ್ಡ ನಿಂತದ್ದು ಸಾರ್ಥಕವಾಯಿತು ಅಂದುಕೊಂಡೆ. ಹಬ್ಬ ಕಳೀಲಿ, ಎಳ್ಳುಬೆಲ್ಲ ತಗೊಂಡು ಅವರನ್ನ ನೋಡಿ ಬರೋಣ ಅಂದೆ.

ನಾವು ಹೋಗಬೇಕಾಗಲಿಲ್ಲ. ಹಬ್ಬ ಆಗಿ ಒಂದು ವಾರಕ್ಕೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಬೆಲ್ಲು ಆಯಿತು. ಅವರೇ ನಿಂತಿದ್ದರು. ಅದೇ ಎತ್ತರ, ಅದೇ ಬ್ಯಾಗು, ಕೊರಳಲ್ಲಿ ಕಾರ್ಡು ಮಾತ್ರ ಇರಲಿಲ್ಲ. ಒಳಗೆ ಕರೆದು ಕೂರಿಸಿದೆ. ಎಳ್ಳುಬೆಲ್ಲ ಕೊಟ್ಟರೆ ಅಂಗೈಯಲ್ಲಿ ಹಿಡಿದುಕೊಂಡೇ ಕೂತರು, ಬಾಯಿಗೆ ಹಾಕಿಕೊಳ್ಳಲಿಲ್ಲ.

"ಏನು ಸಾರ್, ಇಷ್ಟು ದೂರ?" ಅಂದಳು ಮಗಳು.

"ಕಂಪನಿಯವರು ನಮ್ಮ ವಿಭಾಗಾನೇ ಮುಚ್ಚಿಬಿಟ್ಟರು ಮೇಡಂ. ನಾನು, ನನ್ನ ಕೈಕೆಳಗಿನವರು, ನನ್ನ ಮೇಲಿನವರು, ಅವತ್ತು ಬಂದಿದ್ದ ಆಡಿಟರು, ಎಲ್ಲರೂ ಒಂದೇ ಮಧ್ಯಾಹ್ನ ಹೊರಗೆ. ಅಷ್ಟು ಜನರನ್ನ ಇಟ್ಕೊಳ್ಳೋ ಬದಲು ಕೆಲಸಾನ ಹೊರಗಿನವರಿಗೆ ಕಾಂಟ್ರಾಕ್ಟು ಕೊಟ್ಟರೆ ಸಾಕು ಅಂತ."

ಮಗಳಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಇನ್ನೂ ಸ್ವಲ್ಪ ಹೊತ್ತು. "ಹೊರಗಿನವರು ಅಂದರೆ..." ಅಂದೆ.

"ಮೇಡಂನೇ ಅಮ್ಮ. ನಾನು ಕೊನೇದಾಗಿ ಸೈನ್ ಹಾಕಿದ್ದು ಮೇಡಂ ಕಾಂಟ್ರಾಕ್ಟಿಗೆ."

ಅವರಿಗೂ ಎರಡು ಮಕ್ಕಳಂತೆ, ದೊಡ್ಡದು ಕಾಲೇಜಿಗೆ ಬಂದಿದೆಯಂತೆ. ನಾನು ಒಳಗೆ ಹೋಗಿ ಕಾಫಿಗೆ ಇನ್ನೊಂದು ಚಮಚ ಡಿಕಾಕ್ಷನ್ ಹಾಕಿ ತಂದೆ, ಬೇರೆ ಏನು ಮಾಡಬೇಕೋ ತಿಳಿಯದೆ. ಅವರು ಕುಡಿದರು. ಬ್ಯಾಗಿನಿಂದ ಒಂದು ಫೈಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹೆಣ್ಣಿನ ಕಡೆಯವರು ಕೂರೋ ಹಾಗೆ ಸೋಫಾದ ತುದಿಗೆ ಜರುಗಿ ಕೂತರು.

"ಮೇಡಂ, ನಾನೂ ಈಗ ಸ್ವಂತಕ್ಕೇ ಕಾಂಟ್ರಾಕ್ಟು ತಗೊಂಡು ಮಾಡೋಣ ಅಂತಿದೀನಿ. ಮೊದಲು ನಮ್ಮ ಹಳೇ ಕಂಪನೀಲೇ ಕೇಳೋಣ ಅಂದರೆ, ನಿನ್ನೆ ಗೇಟಿನಲ್ಲಿ ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲ. ನೀವೀಗ ದಿನಾ ಅವರ ಜೊತೆ ಕೆಲಸ ಮಾಡ್ತೀರಲ್ಲ..." ಮಾತು ನಿಲ್ಲಿಸಿ, ನೆಲ ನೋಡಿ, ಮತ್ತೆ ತಲೆ ಎತ್ತಿದರು. "ಅಲ್ಲಿ ಒಳಗೆ ನಿಮಗೆ ಯಾರಾದರೂ ಗೊತ್ತಾ ಮೇಡಂ?"

ಮಗಳು ಅವರನ್ನೇ ನೋಡಿದಳು. ಅವಳ ತುಟಿ ಅದುರಿತು. ಅಳ್ತಾಳೇನೋ ಅಂತ ನಾನು ಎದ್ದು ನಿಂತೆ.

"ಇದ್ದರು ಸಾರ್, ಒಬ್ಬರೇ. ನೀವು."